ಉರಿಯದ ಕೆಂಪು ದೀಪ

ಇಪ್ಪತ್ತೆಂಟು ವರ್ಷ ನಾನು ಒಂದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಪಾಠ ಹೇಳಿದವಳು. ಅದು ಖಾಸಗಿಯವರದ್ದು, ಈಗ ಮುಚ್ಚಿಹೋಗಿದೆ. ಅರಸೀಕೆರೆ ಸುತ್ತಮುತ್ತ ಇವತ್ತು ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುವ ಗಂಡಸರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ನನ್ನೆದುರು ಬೆಂಚಿನ ಮೇಲೆ ಕೂತು ಆಕಳಿಸಿದವರು. ಅವರ ಕೆಲಸ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ. ತಿರುಚಿ ಟೇಪು ಸುತ್ತಿದ ಜಾಯಿಂಟು, ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ, ಗೋಡೆಯಿಂದ ಕಣ್ಣುಗುಡ್ಡೆಯ ಹಾಗೆ ಹೊರಗೆ ಜೋತುಬಿದ್ದ ಸ್ವಿಚ್ ಪೆಟ್ಟಿಗೆ. ಇದನ್ನೆಲ್ಲ ನಾನು ಕಲಿಸಿರಲಿಲ್ಲ. ಕಲಿಸಿದ್ದನ್ನು ಅವರು ಮಾಡುವುದೂ ಇಲ್ಲ.

ನಾನು ಮದುವೆಯಾಗಲಿಲ್ಲ. ಅರಸೀಕೆರೆಯಲ್ಲಿ ತಮ್ಮನ ಮನೆಯ ಮಹಡಿ ಮೇಲೆ ಎರಡು ಕೋಣೆಗಳಲ್ಲಿ ಇದ್ದೇನೆ. ತಮ್ಮ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಕೆಟ್ಟವನಲ್ಲ, ಆದರೆ ತನಗೆ ಗೊತ್ತಿಲ್ಲದ್ದು ಹೆಂಗಸಿಗೆ ಗೊತ್ತಿರಬಹುದು ಅನ್ನುವ ಯೋಚನೆ ಅವನ ತಲೆಯೊಳಕ್ಕೆ ಯಾವತ್ತೂ ಹೋಗಿಲ್ಲ. ಮಿಕ್ಸಿ ಕೆಟ್ಟರೆ ಕಂಕುಳಲ್ಲಿ ಇಟ್ಟುಕೊಂಡು ಪೇಟೆಗೆ ಹೋಗುತ್ತಾನೆ, ಹನ್ನೆರಡು ಮೆಟ್ಟಿಲು ಹತ್ತಿ ನನ್ನನ್ನು ಕೇಳುವುದಿಲ್ಲ. ಒಂದು ಸಲ ಅವನ ಹೆಂಡತಿ, ಅಕ್ಕನಿಗೇ ತೋರಿಸಬಹುದಲ್ಲ ಅಂದಳಂತೆ. ಅಕ್ಕ ಹೇಳಿಕೊಡುತ್ತಿದ್ದದ್ದು ಬುಕ್ಕಿನ ಕರೆಂಟು, ಇದು ಬೇರೆ ಅಂದನಂತೆ. ಬುಕ್ಕಿನ ಕರೆಂಟು ಹೊಡೆದರೆ ಯಾರೂ ಸಾಯುವುದಿಲ್ಲ ಅಂದುಕೊಂಡಿದ್ದಾನೋ ಏನೋ.

ಅವನ ಹತ್ತಿರ ಒಂದು ಹಳೆಯ ಡೀಸೆಲ್ ಪಿಕಪ್ ಇದೆ. ಕೀಯಿಂದ ಎಂಜಿನ್ ಆರುವ ಕಾಲದ್ದಲ್ಲ, ಡ್ಯಾಶ್‌ಬೋರ್ಡಿನ ಕೆಳಗಿರುವ ಗುಬುಟು ಎಳೆದು ಆರಿಸಬೇಕು. ಹೋದ ಮಳೆಗಾಲದಿಂದ ಅದರ ಬ್ಯಾಟರಿ ಮೇಲಿಂದ ಮೇಲೆ ಕೂತುಬಿಡುತ್ತಿತ್ತು. ಊಟಕ್ಕೆ ಕೂತಾಗ ಅದೇ ಮಾತು. ಪೇಟೆಯಲ್ಲಿ ವಾಹನಗಳ ವೈರಿಂಗ್ ಮಾಡುವ ಒಬ್ಬನಿದ್ದ, ತಮ್ಮನಿಗೆ ಅವನಲ್ಲದೆ ಬೇರೆ ಯಾರೂ ಆಗುತ್ತಿರಲಿಲ್ಲ. ಅವನು ಮೊದಲು ಹೊಸ ಬ್ಯಾಟರಿ ಹಾಕಿಸಿದ. ಎರಡು ತಿಂಗಳಲ್ಲಿ ಅದೂ ಕೂತಿತು. ಆಮೇಲೆ ಡೈನಮೋ ಹೋಗಿದೆ ಅಂದ. ಆಲ್ಟರ್ನೇಟರಿಗೆ ನಮ್ಮ ಕಡೆ ಈಗಲೂ ಡೈನಮೋ ಅಂತಲೇ ಹೇಳುವುದು, ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುವ ಯಂತ್ರ. ಅದನ್ನೂ ಬದಲಾಯಿಸಿದ್ದಾಯಿತು. ಬ್ಯಾಟರಿ ಮತ್ತೆ ಕೂತಿತು. ಆಗ ಅವನು, ಹೊಸ ಬ್ಯಾಟರಿಗಳೇ ಈಗ ಸರಿಯಾಗಿ ಬರ್ತಿಲ್ಲ ಅಣ್ಣ, ಅಂದನಂತೆ. ತಮ್ಮ ಅದನ್ನು ನನ್ನೆದುರು ಬಹಳ ತಿಳಿದವನ ಹಾಗೆ ಒಪ್ಪಿಸಿದ.

ಬ್ಯಾಟರಿಗೂ ಡೈನಮೋಕ್ಕೂ ಮಧ್ಯೆ ತಂತಿ ಅನ್ನುವುದೊಂದು ಇರುತ್ತದೆ, ಅದನ್ನು ಯಾರಾದರೂ ನೋಡಿದರಾ ಅಂತ ನಾನು ಕೇಳಿದೆ. ತಮ್ಮ ಸಾರಿನ ಪಾತ್ರೆ ತನ್ನ ಕಡೆಗೆ ಎಳೆದುಕೊಂಡು ನಕ್ಕ. ವೈರಿಂಗ್ ಮಾಡೋನೇ ಅವನು, ವೈರ್ ನೋಡಿರಲ್ವಾ ಅಂದ. ನನ್ನ ಇಡೀ ನೌಕರಿಯಲ್ಲಿ ಅಂಥ ನಗೆಯನ್ನು ಸಾಕಷ್ಟು ನೋಡಿದ್ದೆ, ಇನ್ನೊಂದಕ್ಕೆ ಎದುರು ನಿಲ್ಲುವ ಆಸೆ ಇರಲಿಲ್ಲ.

ಹೀಗಿರುವಾಗ ಬೇಲೂರಿನಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮೊಮ್ಮಗುವಿಗೆ ನಾಮಕರಣ ಬಂತು. ತಮ್ಮನ ಹೆಂಡತಿ ಮಕ್ಕಳು ಹಿಂದಿನ ದಿನವೇ ಕಾರು ತೆಗೆದುಕೊಂಡು ಹೋಗಿದ್ದರು. ಊಟಕ್ಕೆ, ತಾಂಬೂಲಕ್ಕೆ ಬೇಕಾದ ತೆಂಗಿನಕಾಯಿಯನ್ನು ನಮ್ಮ ಮನೆಯಿಂದ ಕೊಡುವುದು ಅಂತ ಮಾತಾಗಿತ್ತು. ಹಾಗಾಗಿ ನಾನು ರೇಷ್ಮೆ ಸೀರೆ ಉಟ್ಟು, ಹಿಂದೆ ನಾಲ್ಕು ಮೂಟೆ ಕಾಯಿ ಹೇರಿಕೊಂಡ ಪಿಕಪ್ಪಿನಲ್ಲಿ ತಮ್ಮನ ಪಕ್ಕ ಕೂತು ಹೊರಟೆ. ಬ್ಯಾಟರಿಯನ್ನು ಹಿಂದಿನ ದಿನ ಪೇಟೆಯಲ್ಲಿ ಚಾರ್ಜಿಗೆ ಹಾಕಿಸಿ ತಂದಿದ್ದ. ನೋಡು ಅಕ್ಕ ಹೆಂಗೆ ಹೊಡೀತು ಅಂತ ಮೊದಲ ಸಲಕ್ಕೇ ಸ್ಟಾರ್ಟ್ ಆದದ್ದಕ್ಕೆ ಹೆಮ್ಮೆಪಟ್ಟ.

ಜಾವಗಲ್ ಬರುವಷ್ಟರಲ್ಲಿ ಹಾರನ್ನು ಗಂಟಲು ಕಟ್ಟಿದವರ ಹಾಗೆ ಕೂಗುತ್ತಿತ್ತು. ಡೀಸೆಲ್ ಗಾಡಿಯ ತೊಂದರೆ ಅದೇ. ಪೆಟ್ರೋಲ್ ಗಾಡಿಯಾದರೆ ಕರೆಂಟು ಮುಗಿದ ತಕ್ಷಣ ನಿಂತುಬಿಡುತ್ತದೆ, ಮಾಲೀಕನಿಗೆ ಬುದ್ಧಿ ಬರುತ್ತದೆ. ಹಳೆಯ ಡೀಸೆಲ್ ಎಂಜಿನ್ನು ಒಂದು ಸಲ ಶುರುವಾದರೆ ಬ್ಯಾಟರಿ ಸತ್ತಿದ್ದರೂ ಓಡುತ್ತಲೇ ಇರುತ್ತದೆ. ದಡ್ಡನಿಗೆ ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತದೆ. ಎಂಜಿನ್ ಮಾತ್ರ ಎಲ್ಲೂ ಆರಿಸಬೇಡ ಅಂತ ಹೇಳಿದೆ. ಆದರೂ ಜಾವಗಲ್‌ನಲ್ಲಿ ತಟ್ಟೆ ಇಡ್ಲಿಗೆ ಅಂತ ನಿಲ್ಲಿಸಿದವನು ಅಭ್ಯಾಸಬಲದಿಂದ ಗುಬುಟು ಎಳೆದ. ಹೊಟೇಲಿನವರು, ಬಸ್ಸಿಗೆ ಕಾಯುತ್ತಿದ್ದವರು ಸೇರಿ ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ಇನ್ನು ಆರಿಸಬೇಡ ಅಂತ ಎರಡನೇ ಸಲ ಹೇಳಿದೆ.

ಹಳೇಬೀಡಿನಲ್ಲಿ ದೇವಸ್ಥಾನದ ಈಚೆ ಅವನಿಗೆ ಫೋನ್ ಬಂತು. ಯಾರೋ ಕೊಬ್ಬರಿ ಕೊಳ್ಳುವವರು. ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಸದ್ದಿಗೆ ಕೇಳಿಸಲಿಲ್ಲ ಅಂತ ಗುಬುಟು ಎಳೆದು, ಕೆಳಗಿಳಿದು ಮಾತಾಡಿದ. ನಾನು ನೋಡುತ್ತಲೇ ಇದ್ದೆ. ತಡೆಯಬಹುದಿತ್ತು, ಕೈಗೆಟಕುವ ದೂರದಲ್ಲೇ ಇದ್ದ. ತಡೆಯಲಿಲ್ಲ. ಅವನಿಗೆ ಆಗಬೇಕಾದ್ದು ಆಗಲಿ ಅಂತ ಆ ಹೊತ್ತಿಗೆ ನನಗೆ ಅನ್ನಿಸಿಬಿಟ್ಟಿತ್ತು. ಮಾತು ಮುಗಿಸಿ ಬಂದು ಕೀ ತಿರುಗಿಸಿದ. ಟಕ್ ಅನ್ನುವ ಸದ್ದು ಬಿಟ್ಟರೆ ಏನೂ ಆಗಲಿಲ್ಲ.

ಐದು ನಿಮಿಷದಲ್ಲಿ ಏಳೆಂಟು ಗಂಡಸರು ಸೇರಿದರು. ಬಸ್ತಿಹಳ್ಳಿಯ ಕಡೆಯಿಂದ ಸೈಕಲ್ಲಿನಲ್ಲಿ ಬಂದ ವಯಸ್ಸಾದವರೊಬ್ಬರು, ಇಳಿಯುವ ಮೊದಲೇ ಸೆಲ್ಫ್ ಮೋಟರ್ ಹೋಗೈತೆ ಅಂದರು. ಇನ್ನೊಬ್ಬ ಡೀಸೆಲ್ಲಿನಲ್ಲಿ ಗಾಳಿ ಸೇರಿದೆ ಅಂದ. ಪ್ರವಾಸಿಗರ ವ್ಯಾನಿನ ಚಾಲಕನೊಬ್ಬ ಬ್ಯಾಟರಿ ಮೇಲೆ ಕೈಯಿಟ್ಟು, ಜ್ವರ ನೋಡುವವನ ಹಾಗೆ ಸ್ವಲ್ಪ ಹೊತ್ತು ನಿಂತು ತಲೆಯಾಡಿಸಿದ. ತಮ್ಮ ಅಷ್ಟೂ ಜನರ ಅಭಿಪ್ರಾಯವನ್ನು ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಿದ್ದ. ನಾನು ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದಾಗ ಅವರಲ್ಲೊಬ್ಬರು, ಅಮ್ಮ ನೀವು ಆ ಮರದ ನೆರಳಲ್ಲಿ ಕೂತ್ಕಳಿ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದಕ್ಕೇ ಇನ್ನೂ ಅಸಹ್ಯವಾಯಿತು.

"ಕೀ ಆನ್ ಮಾಡು, ಸೆಲ್ಫ್ ಹೊಡೀಬೇಡ" ಅಂತ ತಮ್ಮನಿಗೆ ಹೇಳಿದೆ.

ಅವನು ಆ ಜನರ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ಬೇಜಾರಿನಲ್ಲೇ ಕೀ ತಿರುಗಿಸಿದ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ದೀಪ ಮಂಕಾಗಿ ಹತ್ತಿತು. ಅದರ ಪಕ್ಕದಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಇರುತ್ತದೆ. ಕೀ ಹಾಕಿದಾಗ ಅದೂ ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಅದು ಹತ್ತಲೇ ಇಲ್ಲ. ಆ ಕಪ್ಪು ಚೌಕವನ್ನು ನೋಡಿದ ಕ್ಷಣದಲ್ಲೇ ನನಗೆ ಅರ್ಧ ಕತೆ ಗೊತ್ತಾಯಿತು. ಆ ದೀಪ ಅಲ್ಲಿರುವುದು ಬರೀ ನೋಡುವುದಕ್ಕಲ್ಲ. ಅದರ ಮೂಲಕ ಹೋಗುವ ಚೂರು ಕರೆಂಟೇ ಡೈನಮೋವನ್ನು ಎಬ್ಬಿಸುವುದು. ಆ ದಾರಿ ತುಂಡಾದರೆ ಡೈನಮೋ ಎಷ್ಟು ಹೊಸದಾಗಿದ್ದರೂ ಸುಮ್ಮನೆ ತಿರುಗುತ್ತಿರುತ್ತದೆ, ಒಂದು ಹನಿ ಕರೆಂಟು ಕೊಡುವುದಿಲ್ಲ.

ಬಾನೆಟ್ಟಿನ ಒಳಗೆ ಬಗ್ಗಿ, ಡೈನಮೋ ಬೆನ್ನಿಗಿದ್ದ ಸಣ್ಣ ತಂತಿಯನ್ನು ಕಿತ್ತೆ. ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿದರೆ, ದಾರಿ ಸರಿಯಿದ್ದರೆ, ಕೆಂಪು ದೀಪ ಹತ್ತಲೇಬೇಕು. ಹತ್ತಿತಾ ಅಂತ ತಮ್ಮನನ್ನು ಕೂಗಿ ಕೇಳಿದೆ. ಯಾವುದು ಹತ್ತಬೇಕು ಅಂತ ಅವನು ಒಳಗಿನಿಂದ ಕೇಳಿದ. ಹತ್ತು ವರ್ಷದಿಂದ ಆ ಗಾಡಿ ಓಡಿಸುತ್ತಿದ್ದಾನೆ.

ಹತ್ತಲಿಲ್ಲ. ಅಂದರೆ ಒಂದೋ ತಂತಿ ತುಂಡಾಗಿರಬೇಕು, ಇಲ್ಲವೇ ದೀಪ ಹೋಗಿರಬೇಕು. ತಮ್ಮನ ಗಾಡಿಯಲ್ಲಿ ಜಾಕು ಬಿಟ್ಟರೆ ಒಂದು ಸಾಮಾನೂ ಇರಲಿಲ್ಲ. ವ್ಯಾನಿನ ಚಾಲಕನ ಹತ್ತಿರ ಸ್ಕ್ರೂಡ್ರೈವರ್ ಇಸಿದುಕೊಂಡು, ಮೀಟರಿನ ಸುತ್ತಲಿನ ಪಟ್ಟಿ ಬಿಚ್ಚಿ ಮುಂದಕ್ಕೆಳೆದೆ. ಹಿಂದೆ ಸಾಲಾಗಿ ಸಣ್ಣ ಬಲ್ಬುಗಳು, ಎಲ್ಲದರ ಮೇಲೂ ವರ್ಷಗಳ ಧೂಳು. ಬ್ಯಾಟರಿ ದೀಪದ ಜಾಗದಲ್ಲಿ ಮಾತ್ರ ಹೋಲ್ಡರು ಬರಿದಾಗಿತ್ತು, ಸುತ್ತ ಯಾರದೋ ಬೆರಳು ಧೂಳು ಒರೆಸಿದ ಗುರುತಿತ್ತು. ಬಲ್ಬು ಸುಟ್ಟಿರಲಿಲ್ಲ, ಸಡಿಲವಾಗಿರಲಿಲ್ಲ. ಯಾರೋ ತೆಗೆದಿದ್ದರು.

ತಮ್ಮನಿಗೆ ತೋರಿಸಿದೆ. ಅವನು ಬಗ್ಗಿ ನೋಡಿ, ಎಲ್ಲೋ ಬಿದ್ದೋಗಿರಬೇಕು ಅಂದ. ಅದು ಬೀಳುವ ವಸ್ತುವಲ್ಲ ಅಂದೆ. ಅವನು ಫೋನ್ ತೆಗೆದು ಅದರೊಳಗೆ ಮುಖ ಹುದುಗಿಸಿದ. ನನ್ನ ಮಾತಿಗೆ ಎದುರಾಡದೆ ಬಿಡುವುದು ಅವನ ಸ್ವಭಾವವಲ್ಲ ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ಮೀಟರಿನ ಮುಖಕ್ಕೆ ಬೆಳಕು ಕೊಡುವ ಎರಡು ಬಲ್ಬುಗಳಲ್ಲಿ ಒಂದನ್ನು ಕಿತ್ತು ಬರಿದಾದ ಹೋಲ್ಡರಿಗೆ ಹಾಕಿದೆ. ಕೆಂಪು ದೀಪ ಹತ್ತಿತು. ಅಷ್ಟು ಹೊತ್ತಿಗೆ ದೇವಸ್ಥಾನ ನೋಡಿ ಬಂದ ಪ್ರವಾಸಿಗರಲ್ಲಿ ಇಬ್ಬರು ಹುಡುಗಿಯರು ನನ್ನ ಫೋಟೋ ತೆಗೆದುಕೊಳ್ಳುತ್ತಿದ್ದರು, ರೇಷ್ಮೆ ಸೀರೆಯ ಮುದುಕಿ ಬಾನೆಟ್ಟಿನೊಳಗೆ. ಒಳಗೆ ಅಷ್ಟೊಂದು ಕಲ್ಲಿನ ಹೆಂಗಸರನ್ನು ನೋಡಿ ಬಂದವರಿಗೆ ಇನ್ನೂ ಸಾಕಾಗಿರಲಿಲ್ಲವೇನೋ. ಅವರ ಕಡೆ ಬೆನ್ನು ತಿರುಗಿಸಿ ನಿಂತೆ.

ಅಭಿಪ್ರಾಯ ಕೊಟ್ಟವರೆಲ್ಲ ಸೇರಿ ಗಾಡಿ ತಳ್ಳಿದರು, ಅಷ್ಟಾದರೂ ಅವರಿಂದ ಆಯಿತು. ಎಂಜಿನ್ ಶುರುವಾಯಿತು. ಹಾರನ್ನಿಗೆ ಸ್ವಲ್ಪ ಜೀವ ಬಂತು. ತಮ್ಮ, ಆಯ್ತಲ್ಲ ಅಕ್ಕ, ಹತ್ತು, ಹೊತ್ತಾಯ್ತು ಅಂದ. ನಾನು ಹತ್ತಲಿಲ್ಲ. ಕೆಂಪು ದೀಪ ಪೂರ್ತಿ ಆರಿರಲಿಲ್ಲ. ಬೂದಿಯೊಳಗಿನ ಕೆಂಡದಷ್ಟು, ಅಂಗೈ ಅಡ್ಡ ಹಿಡಿದರೆ ಮಾತ್ರ ಕಾಣುವಷ್ಟು ಉರಿಯುತ್ತಲೇ ಇತ್ತು. ಹೆಡ್‌ಲೈಟ್ ಹಾಕಿಸಿ ನೋಡಿದೆ, ಇನ್ನೂ ಸ್ವಲ್ಪ ಜಾಸ್ತಿಯಾಯಿತು. ಅಂದರೆ ಡೈನಮೋದಲ್ಲಿ ಹುಟ್ಟಿದ ಕರೆಂಟು ಪೂರ್ತಿಯಾಗಿ ಬ್ಯಾಟರಿಗೆ ಹೋಗಿ ಸೇರುತ್ತಿಲ್ಲ, ನಡುವೆ ಎಲ್ಲೋ ಸೋರುತ್ತಿದೆ. ಮಳೆಗಾಲದಲ್ಲಿ ಶುರುವಾದ ನಿಜವಾದ ಕಾಯಿಲೆ ಇದು. ಬಲ್ಬು ತೆಗೆದವನು ಕಾಯಿಲೆಯನ್ನು ಮುಟ್ಟಿರಲಿಲ್ಲ, ಅದನ್ನು ಹೇಳುತ್ತಿದ್ದ ಬಾಯಿಯನ್ನು ಮುಚ್ಚಿದ್ದ.

"ಎಂಜಿನ್ ಆರಿಸ್ದೆ ಅಂದ್ರೆ ನಾನು ಇಲ್ಲೇ ಬಸ್ಸು ಹಿಡಿದು ವಾಪಸ್ ಹೋಗ್ತೀನಿ" ಅಂದೆ. ಮೂರನೇ ಸಲಕ್ಕೆ ಅವನು ನನ್ನ ಮಾತು ಕೇಳಿದ.

ಸ್ವಲ್ಪ ಮುಂದೆ ರಸ್ತೆ ಪಕ್ಕದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು, ಬೋರ್‌ವೆಲ್ ಮೋಟಾರುಗಳು ಬಾಗಿಲ ತನಕ ಬಿದ್ದಿದ್ದವು. ಅಂಗಡಿಯವನು ಐವತ್ತು ದಾಟಿದವನು, ತಾಮ್ರದ ಸುರುಳಿಯನ್ನು ಮೋಟಾರಿನ ಸಂದುಗಳಿಗೆ ಒತ್ತಿ ಕೂರಿಸುತ್ತಿದ್ದ. ವೋಲ್ಟು ಅಳೆಯುವ ಮೀಟರು ಬೇಕು ಅಂದೆ. ಯಾತಕ್ಕೆ ಅಂತ ಕೇಳಲಿಲ್ಲ, ಯಾರು ಅಂತಲೂ ಕೇಳಲಿಲ್ಲ, ಗೂಟಕ್ಕೆ ನೇತು ಹಾಕಿದ್ದ ಮೀಟರನ್ನು ತೆಗೆದುಕೊಟ್ಟು ತಾನೂ ಎದ್ದು ಬಂದ. ಆ ದಿನ ನಾನು ಕಂಡವರಲ್ಲಿ ನನಗೆ ತಾತ್ಸಾರ ಬರದಿದ್ದ ಮನುಷ್ಯ ಅವನೊಬ್ಬನೇ.

ಎಂಜಿನ್ ಓಡುತ್ತಿರುವಾಗಲೇ ಡೈನಮೋದ ದಪ್ಪ ತಂತಿಯ ಬುಡದಲ್ಲಿ ಮೀಟರು ಇಟ್ಟೆ. ಹದಿನಾಲ್ಕು ವೋಲ್ಟಿಗಿಂತ ಸ್ವಲ್ಪ ಮೇಲೆ ತೋರಿಸಿತು. ಅದೇ ತಂತಿ ಹೋಗಿ ಸೇರುವ ಬ್ಯಾಟರಿಯ ಮೇಲೆ ಇಟ್ಟೆ, ಹನ್ನೆರಡು ದಾಟಲಿಲ್ಲ. ಎರಡು ಮಾರು ಉದ್ದದ ತಂತಿಯಲ್ಲಿ ಎರಡು ವೋಲ್ಟು ಮಾಯ. ಅಂಗಡಿಯವನು ಮುಳ್ಳನ್ನು ನೋಡಿ, "ದಾರೀಲೇ ತಿಂತಾ ಐತೆ" ಅಂದ. ಅವತ್ತು ಕೇಳಿದ ಮೊದಲ ಬುದ್ಧಿವಂತಿಕೆಯ ಮಾತು.

ತಂತಿಯ ಉದ್ದಕ್ಕೂ ಬೆರಳಾಡಿಸುತ್ತಾ ಹೋದೆ. ಸೆಲ್ಫ್ ಮೋಟರಿನ ಹತ್ತಿರ ಬರುವ ತನಕ ತಣ್ಣಗಿತ್ತು. ಅಲ್ಲಿ ಆ ತಂತಿಯ ತುದಿ ರಬ್ಬರಿನ ಟೋಪಿಯೊಳಗೆ ಬೋಲ್ಟಿಗೆ ಕೂತಿರುತ್ತದೆ, ಅಲ್ಲಿಂದ ಬ್ಯಾಟರಿಗೆ ಹೋಗುತ್ತದೆ. ಆ ಟೋಪಿಯ ಮೇಲೆ ಯಾರೋ ಕಪ್ಪು ಟೇಪನ್ನು ನಾಲ್ಕು ಸುತ್ತು ಸುತ್ತಿದ್ದರು. ಕೈಯಿಟ್ಟರೆ ಚುರ್ ಅಂದಿತು.

ಎಂಜಿನ್ ಆರಿಸಿ, ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿದೆ. ಬೆಲ್ಲದ ಪಾಕದ ಹಾಗೆ ಅಂಟಿದ್ದ ಟೇಪನ್ನು ಬಿಡಿಸಿ ಟೋಪಿ ಹಿಂದಕ್ಕೆ ಸರಿಸಿದಾಗ ಹಸಿರು ಪುಡಿ ಉದುರಿತು. ತಾಮ್ರಕ್ಕೆ ನೀರು ಸೇರಿ ಕೊಳೆತಿತ್ತು. ಅಷ್ಟು ದಪ್ಪ ತಂತಿಯ ಎಳೆಗಳಲ್ಲಿ ನಾಲ್ಕೋ ಐದೋ ಮಾತ್ರ ತುದಿಯ ಬಿಲ್ಲೆಗೆ ಹಿಡಿದುಕೊಂಡಿದ್ದವು. ಟೇಪು ಸುತ್ತಿದವನು ಟೋಪಿಯನ್ನು ಒಂದು ಅಂಗುಲ ಸರಿಸಿ ನೋಡಿದ್ದರೆ ಸಾಕಿತ್ತು. ಬ್ಯಾಟರಿಯೂ ಬೇಕಿರಲಿಲ್ಲ, ಡೈನಮೋವೂ ಬೇಕಿರಲಿಲ್ಲ.

ಕೊಳೆತ ಭಾಗವನ್ನು ಕತ್ತರಿಸಿ, ಕೆಂಪಗೆ ಹೊಳೆಯುವ ತಾಮ್ರ ಕಾಣುವ ತನಕ ಸುಲಿದೆ. ಹೊಸ ಬಿಲ್ಲೆ ಹಾಕಿ ಅದುಮುವ ಶಕ್ತಿ ನನ್ನ ಕೈಯಲ್ಲಿರಲಿಲ್ಲ, ಅದನ್ನು ಅಂಗಡಿಯವನು ಮಾಡಿದ. ಸಾಲ್ಡರ್ ನಾನೇ ಹಿಡಿದೆ. ತಂತಿ ಗಿಡ್ಡವಾಗಿದ್ದರಿಂದ ಒಂದು ಕ್ಲಾಂಪು ಸಡಿಲಿಸಿ ಬೇರೆ ದಾರಿಯಲ್ಲಿ ತಂದೆವು. ಅವನದೇ ಬ್ಯಾಟರಿಯಿಂದ ಕರೆಂಟು ಕೊಟ್ಟು ಸ್ಟಾರ್ಟ್ ಮಾಡಿದಾಗ ಮೀಟರು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ತೋರಿಸಿತು. ಕೆಂಪು ದೀಪ ಹತ್ತಿ, ಎಂಜಿನ್ ಎದ್ದ ಕೂಡಲೇ ಆರಿತು. ಪೂರ್ತಿ ಆರಿತು. ನಾನು ಅಂಗೈ ಅಡ್ಡ ಹಿಡಿದೂ ನೋಡಿದೆ.

ಆಗ ನನಗಾದ ಸಂತೋಷವನ್ನು ಹೇಳಿಕೊಳ್ಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅಂಗಡಿಯವನು ಆಗಲೇ ತನ್ನ ಸುರುಳಿಗೆ ಹಿಂತಿರುಗಿದ್ದ. ತಮ್ಮ ಗಡಿಯಾರ ನೋಡುತ್ತಿದ್ದ.

ಬೇಲೂರು ತಲುಪುವಾಗ ಮಗುವಿಗೆ ಹೆಸರಿಟ್ಟು ಮುಗಿದಿತ್ತು, ಊಟಕ್ಕೆ ಎಲೆ ಹಾಕುತ್ತಿದ್ದರು. ಕಾಯಿ ಹೊತ್ತಾಗಿ ಬಂದದ್ದಕ್ಕೆ ಅಡುಗೆಯವರು ಮುಖ ಊದಿಸಿಕೊಂಡಿದ್ದರು. ಏನಾಯ್ತು ಅಂತ ನೆಂಟರು ಸುತ್ತುಗಟ್ಟಿದಾಗ ತಮ್ಮ, ಗಾಡಿ ಕೈ ಕೊಟ್ಟಿತು, ಪುಣ್ಯಕ್ಕೆ ಹಳೇಬೀಡಲ್ಲಿ ಒಬ್ಬ ಒಳ್ಳೆ ಮೆಕ್ಯಾನಿಕ್ ಸಿಕ್ಕಿದ ಅಂದ. ನಾನು ಅವನ ಹಿಂದೆಯೇ ನಿಂತಿದ್ದೆ. ಸೀರೆಯ ಅಂಚಿಗೆ, ಕೈಗೆ ಮೊಳಕೈ ತನಕ, ಗ್ರೀಸು ಮೆತ್ತಿತ್ತು. ನಮ್ಮ ಚಿಕ್ಕಪ್ಪನ ಮಗಳು ಅದನ್ನು ನೋಡಿ, ಅಯ್ಯೋ ಅಕ್ಕ, ಗಾಡಿ ಪಕ್ಕ ಯಾಕೆ ನಿಂತ್ಕೊಳಕ್ಕೆ ಹೋದ್ರಿ ಅಂತ ಕನಿಕರಪಟ್ಟು ಬಚ್ಚಲಿಗೆ ಕರೆದುಕೊಂಡು ಹೋದಳು. ಸೋಪು ಕೊಟ್ಟಳು. ನಾನು ಕೈ ತೊಳೆದುಕೊಂಡೆ. ಅಲ್ಲೇ ನಿಂತು ನಿಜ ಹೇಳಬಹುದಿತ್ತು. ಆದರೆ ಅದನ್ನು ನಂಬಿಸುವುದಕ್ಕೆ ಅವರ ಮುಂದೆ ಸಾಕ್ಷಿ ಹೇಳಬೇಕಲ್ಲ, ಅದು ನನ್ನಿಂದಾಗುವುದಿಲ್ಲ. ಪಾಯಸ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಮುಂದಿನ ವಾರ ನಾನು ಒಬ್ಬಳೇ ಪೇಟೆಗೆ ಹೋಗಿ ಆ ವೈರಿಂಗ್ ಅಂಗಡಿ ಹುಡುಕಿದೆ. ಅಲ್ಲಿಯ ತನಕ ನಾನು ಅವನನ್ನು ನೋಡಿರಲಿಲ್ಲ, ತಮ್ಮನ ಬಾಯಲ್ಲಿ ಕೇಳಿದ್ದು ಅಷ್ಟೇ. ಶೆಡ್ಡಿನ ಮುಂದೆ ಟ್ರ್ಯಾಕ್ಟರ್ ಒಂದರ ಕೆಳಗಿನಿಂದ ನಲವತ್ತೈದರ ಆಸುಪಾಸಿನ, ಹೊಟ್ಟೆ ಬಂದ ಗಂಡಸು ಹೊರಗೆ ಬಂದ. ನನ್ನನ್ನು ನೋಡಿದವನೇ ಕೈ ಒರೆಸಿಕೊಂಡು ಕಾಲಿಗೆ ಬಿದ್ದ. ನನ್ನ ವಿದ್ಯಾರ್ಥಿ. ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲೇ, ಅವರ ಬ್ಯಾಚಿನ ಫೋಟೋಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದ. ಮಧ್ಯದ ಕುರ್ಚಿಯಲ್ಲಿ ನಾನು ಕೂತಿದ್ದೆ, ತೆಳ್ಳಗೆ, ಯಾರನ್ನೋ ಬೈಯುವುದಕ್ಕೆ ಬಾಯಿ ತೆರೆದವಳ ಹಾಗೆ.

ಕೊಬ್ಬರಿ ವ್ಯಾಪಾರದ ಆ ಪಿಕಪ್ಪು ನನ್ನ ತಮ್ಮನದು, ಅದರ ದೀಪ ಯಾಕೆ ತೆಗೆದೆ ಅಂತ ನೇರವಾಗಿ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು.

"ಅಣ್ಣೋರೇ ತೆಗಿ ಅಂದ್ರು ಮೇಡಂ. ವೈರ್ ಹುಡುಕ್ಬೇಕು, ಅರ್ಧ ದಿನ ಗಾಡಿ ಬಿಡಿ ಅಂದೆ. ಲೋಡ್ ಐತೆ, ಹತ್ತು ನಿಮಿಷದಲ್ಲಿ ಆ ಕೆಂಪು ಲೈಟ್ ಆರ್ಸ್ಕೊಡು ಸಾಕು ಅಂದ್ರು. ಆರ್ಸ್ಕೊಟ್ಟೆ."

ಹಳೇಬೀಡಿನಲ್ಲಿ ತಮ್ಮ ಫೋನಿನೊಳಗೆ ಮುಖ ಹುದುಗಿಸಿಕೊಂಡದ್ದು ಯಾಕೆ ಅಂತ ಆಗ ಗೊತ್ತಾಯಿತು. ದೀಪ ಎಲ್ಲಿ ಹೋಯಿತು ಅಂತ ಅವನಿಗೆ ಗೊತ್ತಿತ್ತು. ಯಾವುದು ಹತ್ತಬೇಕು ಅಂತ ಏನೂ ಅರಿಯದವನ ಹಾಗೆ ಕೇಳಿದ್ದ, ಬರಿದಾದ ಹೋಲ್ಡರನ್ನು ನಾನು ತೋರಿಸಿದಾಗ, ಬಿದ್ದೋಗಿರಬೇಕು ಅಂದಿದ್ದ. ಆದರೆ ಆ ದೀಪ ಆರಿಸಿದ್ದಕ್ಕೂ ಬ್ಯಾಟರಿ ಕೂರುವುದಕ್ಕೂ ಸಂಬಂಧವಿದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಈ ವೈರಿಂಗಿನವನಿಗಾದರೂ ಗೊತ್ತಿರಬೇಕಿತ್ತಲ್ಲ. ಆ ದೀಪ ಇಲ್ಲದೆ ಡೈನಮೋ ಏಳುವುದಿಲ್ಲ ಅಂತ ಗೊತ್ತಿತ್ತಾ ಅಂತ ಕೇಳಿದೆ. ಎಷ್ಟೋ ಗಾಡಿ ಹಂಗೇ ಓಡ್ತಾ ಅವೆ ಮೇಡಂ, ಎಂಜಿನ್ ಜೋರಾಗಿ ಎತ್ತಿದ್ರೆ ಕೆಲವು ಎದ್ದೇಳ್ತವೆ ಅಂದ. ಎಷ್ಟೋ ಅಂದರೆ ಎಷ್ಟು ಅಂತ ಕೇಳಿದೆ. ಅವನು ಒಳಗೆ ಹೋಗಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದು ಮುಚ್ಚಳ ತೆಗೆದ. ಅದರಲ್ಲಿ ಅರ್ಧದಷ್ಟು ಆ ಸಣ್ಣ ಬಲ್ಬುಗಳೇ ಇದ್ದವು. ಎಣಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಅಷ್ಟು ಗಾಡಿಗಳು, ಒಳಗೆ ಏನಾದರೂ ಕೆಟ್ಟರೆ ಹೇಳುವುದಕ್ಕೆ ಬಾಯಿಲ್ಲದೆ, ನಮ್ಮ ತಾಲ್ಲೂಕಿನ ರಸ್ತೆಗಳಲ್ಲಿ ಓಡಾಡುತ್ತಿವೆ.

ಅವನಿಗೆ ಒಂದಿಷ್ಟು ಮಾತು ಅಂದೆ. ನನ್ನ ಹೆಸರು ಹಾಳು ಮಾಡಿದೆ, ಈ ಫೋಟೋ ತೆಗೆದುಹಾಕು, ಇದನ್ನು ನೋಡಿ ಜನ ನಿನ್ನನ್ನು ನಂಬುತ್ತಾರೆ ಅಂದೆ. ಅವನು ಕೈಕಟ್ಟಿ ನಿಂತು ಕೇಳಿಸಿಕೊಂಡ. ಹಾಗೆ ಕೈಕಟ್ಟಿದ ರೀತಿಯನ್ನು ನೋಡುತ್ತಿದ್ದಾಗ ನನಗೆ ಅವನ ಪ್ರಾಕ್ಟಿಕಲ್ ಪರೀಕ್ಷೆ ನೆನಪಾಯಿತು.

ಕೊನೆಯ ವರ್ಷ ಒಂದು ಹಲಗೆಯ ಮೇಲೆ ವೈರಿಂಗ್ ಮಾಡಿ, ಅದರಲ್ಲೊಂದು ದೋಷ ಬಚ್ಚಿಟ್ಟು ಹುಡುಕಲು ಕೊಡುತ್ತಿದ್ದೆವು. ಅವನ ಪಾಲಿಗೆ ಪೈಪಿನೊಳಗೆ ತುಂಡಾದ ತಂತಿ ಬಂದಿತ್ತು. ಒಂದು ಗಂಟೆ ಬೆವರಿ, ಕೊನೆಗೆ ಅವನು ಬೇರೆ ತಂತಿಯೊಂದನ್ನು ಹೊರಗಿನಿಂದಲೇ ಎಳೆದು ಬಲ್ಬು ಹತ್ತಿಸಿ, ಕೈಕಟ್ಟಿ ನಿಂತ. ದೋಷ ಎಲ್ಲಿದೆ ಅಂತ ಕೇಳಿದರೆ ಗೊತ್ತಿಲ್ಲ ಅಂದ. ಅವನನ್ನು ನಾನು ಫೇಲು ಮಾಡಬೇಕಿತ್ತು. ಪ್ರಿನ್ಸಿಪಾಲರು ಒತ್ತಾಯ ಮಾಡಿದರು ಅಂತ ಬರೆದರೆ ನನಗೆ ಸುಲಭ. ಅವರು ಏನೂ ಹೇಳಿರಲಿಲ್ಲ. ಫೇಲು ಮಾಡಿದರೆ ಮರುಪರೀಕ್ಷೆಗೆ ರಜೆಯಲ್ಲಿ ಇನ್ನೊಂದು ದಿನ ಬರಬೇಕಿತ್ತು, ಆ ದಿನದ ಹಾಳೆಗಳನ್ನು ಬರೆದು ಮುಗಿಸಿದರೆ ಐದೂಕಾಲಿನ ಬಸ್ಸು ಸಿಗುತ್ತಿತ್ತು. ಬಲ್ಬು ಹತ್ತಿದೆ ಅಂತ ಬರೆದೆ. ಪಾಸಿಗೆ ಎಷ್ಟು ಬೇಕೋ ಅಷ್ಟು ಅಂಕ ಹಾಕಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗವೂ ಸಿಕ್ಕಿತು.

ಅವನಿಗೆ ಅದು ನೆನಪಿರಲಿಲ್ಲ. ನಾನೂ ನೆನಪಿಸಲಿಲ್ಲ. ಬೈಗುಳ ಅರ್ಧಕ್ಕೇ ನಿಂತದ್ದನ್ನು ಅವನು ಕ್ಷಮೆ ಅಂದುಕೊಂಡ, ಕಾಫಿ ತರಿಸಿದ. ಕುಡಿಯದೆ ಎದ್ದು ಬಂದೆ.

ತಮ್ಮನಿಗೆ ಅವತ್ತು ಸಂಜೆಯೇ ಹೇಳಿದೆ, ದೀಪ ಕೀಳಿಸಿದ್ದು ನೀನೇ ಅಂತ ಗೊತ್ತಾಯಿತು ಅಂತ. ಅವನು ಟಿವಿಯಿಂದ ಕಣ್ಣು ತೆಗೆಯದೆ, "ಈಗ ಸರಿಯಾಗೈತಲ್ಲ ಅಕ್ಕ, ಬಿಡು" ಅಂದ. ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು. ಮಾರನೇ ದಿನ ಬೆಳಿಗ್ಗೆ ಅವಳು ಕೆಟ್ಟ ಮಿಕ್ಸಿಯನ್ನು ಮಹಡಿಗೆ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟಳು. ಅದರ ಕಾರ್ಬನ್ ಸವೆದಿತ್ತು. ಅವಳ ಎದುರೇ ಬಿಚ್ಚಿ ತೋರಿಸಿದೆ.

ಆ ವೈರಿಂಗಿನವನು ಈಗ ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಾನೆ. ಟ್ರ್ಯಾಕ್ಟರ್ ಬಂದಿದೆ ಮೇಡಂ, ಚಾರ್ಜಿಂಗ್ ಇಲ್ಲ, ಏನು ಮಾಡಲಿ ಅನ್ನುತ್ತಾನೆ. ಕೀ ಹಾಕಿದರೆ ದೀಪ ಹತ್ತುತ್ತಾ ಅಂತ ಕೇಳುತ್ತೇನೆ. ನೋಡಿ ಬರುತ್ತೇನೆ ಅನ್ನುತ್ತಾನೆ. ಅದನ್ನೇ ಮೊದಲು ನೋಡಬೇಕು ಅಂತ ಇಪ್ಪತ್ತು ಸಲವಾದರೂ ಹೇಳಿರಬೇಕು, ಇನ್ನೂ ಅವನ ತಲೆಗೆ ಹೋಗಿಲ್ಲ. ಅವನ ಮೇಲೆ ನನಗೆ ಪ್ರೀತಿ ಹುಟ್ಟಿದೆ ಅಂತ ಯಾರೂ ತಿಳಿಯುವುದು ಬೇಡ. ಅವನ ದನಿ ಕೇಳಿದರೆ ಇವತ್ತಿಗೂ ನನ್ನ ಮೂಗು ಸೊಟ್ಟಗಾಗುತ್ತದೆ. ಆದರೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಇರುತ್ತೇನೆ. ಆ ಕಡೆ ಅವನ ಚಪ್ಪಲಿ ಸದ್ದು ಶೆಡ್ಡಿನ ಹೊರಕ್ಕೆ ಹೋಗುವುದು, ಟ್ರ್ಯಾಕ್ಟರಿನವನ ಹತ್ತಿರ ಕೀ ಕೇಳುವುದು ಎಲ್ಲ ಕೇಳಿಸುತ್ತಿರುತ್ತದೆ.